ಎಣ್ಣೆ ಬಾಟಲಿಯ ಜಾಗ

ನಮ್ಮ ಅಣ್ಣಯ್ಯ ಕಡೂರಿನಲ್ಲಿ ನೀರೆತ್ತುವ ಪಂಪು, ಮೋಟಾರುಗಳನ್ನು ರಿಪೇರಿ ಮಾಡುತ್ತಾನೆ. ಅವನ ಪಕ್ಕದ ಮಳಿಗೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಅವನು ಸುತ್ತಿಗೆ ಕೆಳಗಿಟ್ಟರೂ ನನ್ನ ಮೇಜಿನ ಮೇಲಿನ ಕತ್ತರಿ ಅಲುಗುತ್ತದೆ. ಹಾಗಾಗಿ ಅವನು ತನ್ನ ಕಾರಿಗೆ ಮಾಡಿದ ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ನಾನು ನೋಡಿದ್ದೇನೆ.

ಹೋದ ವರ್ಷ ಬೇಸಿಗೆಯಲ್ಲಿ, ಚೌಳಹಿರಿಯೂರಿನ ಹತ್ತಿರ ಕೊಳವೆಬಾವಿಯಿಂದ ಪಂಪು ಮೇಲೆತ್ತುವಾಗ ಸರಪಳಿ ಜಾರಿ ಅವನ ಬಲ ಭುಜಕ್ಕೆ ಬಡಿಯಿತು. ಮೂಳೆ ಕೂಡಿಕೊಂಡಿತು. ಆದರೆ ಆ ಕೈ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ, ಬಿಗಿಯಾದದ್ದನ್ನು ತಿರುಗಿಸಲು ಆಗುವುದಿಲ್ಲ. ಹಳೆಯ ಕಾರಿನ ಸ್ಟೇರಿಂಗ್ ಗಟ್ಟಿ ಎಂದು ಅದನ್ನು ಮಾರಿ, ಪವರ್ ಸ್ಟೇರಿಂಗ್ ಇರುವ ಇನ್ನೊಂದನ್ನು ತಂದ. ಅದೂ ಹಳೆಯದೇ, ಆದರೆ ಸ್ಟೇರಿಂಗ್ ಚಕ್ರ ಬೆರಳಲ್ಲಿ ತಿರುಗುತ್ತಿತ್ತು. ಅದು ಮನೆಗೆ ಬಂದ ದಿನವೇ ಅತ್ತಿಗೆ ಹೇಳಿದರು:

“ಇದ್ರಲ್ಲೂ ಕೈ ಸೋತ್ರೆ ಮುಗೀತು ಕಣ್ರೀ. ಕಾರ್ ಮಾರ್ಬಿಡೋದು. ಊರೂರು ಅಲೆಯೋದ್ ಬಿಟ್ಟು ಅಂಗಡೀಲಿ ಕೂತು ಮೋಟಾರ್ ವೈಂಡಿಂಗ್ ಮಾಡ್ಕೊಂಡಿರಿ.”

ಅಣ್ಣಯ್ಯ ಹೂಂ ಅಂದ. ಅಂಗಡಿಯಲ್ಲಿ ಕೂರುವುದು ಅವನಿಗೆ ಏನೆಂದು ನನಗೆ ಗೊತ್ತು. ಸಿಂಗಟಗೆರೆಯ ಯಾವುದೋ ತೋಟದ ಬದುವಿನ ಮೇಲೆ ನಿಂತು, ಮೋಟಾರಿನ ಸದ್ದು ಕೇಳುತ್ತಲೇ ಇದಕ್ಕೆ ಇಂಥದ್ದಾಗಿದೆ ಎಂದು ಹೇಳುವುದರಲ್ಲಿ ಅವನ ಜೀವ ಇದೆ. ಭುಜ ಮುರಿದಿದ್ದ ತಿಂಗಳುಗಳಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಕೂತೇ ಇರುತ್ತಿದ್ದ. ಗೋಡೆಯಾಚೆಯಿಂದ ಒಂದು ಸದ್ದೂ ಬರುತ್ತಿರಲಿಲ್ಲ. ನಾನು ಹೊಲಿಗೆ ನಿಲ್ಲಿಸಿ, ಎದ್ದು ಹೋಗಿ ನೋಡಿ ಬರುತ್ತಿದ್ದೆ.

ನಮ್ಮ ಬೀದಿಯಲ್ಲಿ ಆಯುಧಪೂಜೆಗೆ ಗಾಡಿಗಳ ಬಾನೆಟ್ ಎತ್ತಿ ನಿಲ್ಲಿಸುವುದು ರೂಢಿ. ಎಂಜಿನ್ನಿಗೂ ವಿಭೂತಿ ಹಚ್ಚುತ್ತೇವೆ. ಆಗ ಅಕ್ಕಪಕ್ಕದವರು ಬಂದು ಇಣುಕಿ, ಯಾರ ಎಂಜಿನ್ ಎಷ್ಟು ಚೊಕ್ಕಟ ಎಂದು ಆಡಿಕೊಳ್ಳುತ್ತಾರೆ. ಅಣ್ಣಯ್ಯನ ಕಾರಿನಲ್ಲಿ ಸ್ಟೇರಿಂಗ್ ಎಣ್ಣೆಯ ಬಾಟಲಿ ಬ್ಯಾಟರಿಯ ಪಕ್ಕದಲ್ಲಿ ಎತ್ತರಕ್ಕೆ ನಿಂತಿತ್ತು. ಅದರ ರಬ್ಬರ್ ಪೈಪು ಎಂಜಿನ್ನಿನ ಮೇಲೆ ಅಡ್ಡ ಹಾದು, ಆಚೆ ಬದಿಯ ಸ್ಟೇರಿಂಗ್ ಪಂಪಿಗೆ ಇಳಿಯುತ್ತಿತ್ತು. ವಿಭೂತಿ ಹಚ್ಚಲು ಅಂಗೈಯಗಲ ಜಾಗವಿಲ್ಲ ಎಂದು ಅವನಿಗೆ ಬೇಸರ. ಬಾಟಲಿಯನ್ನು ಕೆಳಗೆ, ಹೆಡ್‌ಲೈಟಿನ ಹಿಂದಿನ ಮೂಲೆಗೆ ಇಳಿಸುತ್ತೇನೆ, ಮೇಲೆಲ್ಲ ಬಯಲಾಗುತ್ತದೆ ಎಂದ.

“ಕಂಪನಿಯೋರು ಸುಮ್‌ಸುಮ್ನೆ ಮೇಲಿಟ್ಟಿರ್ತಾರಾ ಅಣ್ಣಯ್ಯ?” ಎಂದು ಕೇಳಿದೆ.

“ಬಾವಿ ತಳದಿಂದ ನೀರೆಳಿಯೋ ಪಂಪ್ ನೋಡ್ಕೊಂಡ್ ಬದುಕ್ದೋನು ಕಣೇ ನಾನು. ಒಂದ್ ಗೇಣು ಎಣ್ಣೆ ಎಳಿಯಲ್ವಾ ಇದು? ಹೋಗು, ನೀನ್ ಗುಂಡಿ ಹೊಲಿ.”

ಗುಂಡಿ ಹೊಲಿಯಲು ಹೋಗಲಿಲ್ಲ. ಟಾರ್ಚ್ ಹಿಡಿದು ಬೆಳಕು ಬಿಡುತ್ತ ನಿಂತೆ. ಹೆಚ್ಚಿನದನ್ನು ಎಡಗೈಯಲ್ಲೇ ಮಾಡಿದ. ಕಬ್ಬಿಣದ ಪಟ್ಟಿಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದ, ತೂತು ಹೊಡೆದ, ಹೊಸ ಪೈಪು ಕೊಯ್ದು ಕೂರಿಸಿ ಕ್ಲಿಪ್ಪು ಬಿಗಿದ. ಬೇರೆಯವರಿಗೆ ಒಂದು ಮಧ್ಯಾಹ್ನದ ಕೆಲಸ ಅವನಿಗೆ ಒಂದು ವಾರ ಹಿಡಿಯಿತು. ಸ್ಪ್ಯಾನರ್ ಜಾರಿ ಬಿದ್ದಾಗಲೆಲ್ಲ ನಾನು ಬಗ್ಗಿದರೆ ‘ಬಿಡು’ ಎನ್ನುತ್ತಿದ್ದ. ಭುಜಕ್ಕೆ ಪೆಟ್ಟಾದ ಮೇಲೆ ಯಾರ ಕೈಯೂ ಸೇರದೆ ಅವನು ಮುಗಿಸಿದ ಮೊದಲ ಕೆಲಸ ಅದು.

ಪೂಜೆಯ ದಿನ ಒರೆಸಿ ಹೊಳೆಯುತ್ತಿದ್ದ ಎಂಜಿನ್ನಿನ ಮೇಲೆ ಮೂರು ಬೆರಳಿನ ವಿಭೂತಿ ನೀಟಾಗಿ ಬಿತ್ತು. ಎದುರುಮನೆಯವರು ಇಣುಕಿ, “ಏನಪ್ಪಾ, ಒಳಗೇನೂ ಇಲ್ವಲ್ಲೋ! ಎಂಜಿನ್ ಮಾರ್ಕೊಂಡ್ಯಾ?” ಅಂದರು. ಅಣ್ಣಯ್ಯ ನಕ್ಕ. ಅವನು ಬಾಯಿ ಬಿಟ್ಟು ನಕ್ಕಿದ್ದನ್ನು ಅತ್ತಿಗೆ ಅಡಿಗೆಮನೆಯಿಂದ ಹೊರಬಂದು ನೋಡಿದರು.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಕಾರು ಶುರು ಮಾಡಿದಾಗ ಮುಂದುಗಡೆಯಿಂದ ಸಣ್ಣದೊಂದು ಮುಲುಕು ಕೇಳುತ್ತಿತ್ತು. ಕೆಳಗೆ ಎಣ್ಣೆಯ ಒಂದು ಹನಿಯೂ ಇರಲಿಲ್ಲ. ನಾನೇ ಬಗ್ಗಿ ನೋಡಿದ್ದೆ. “ಹೊಸಾ ಪೈಪು, ಕೂತ್ಕೊಬೇಕು” ಎಂದ. ಊರೊಳಗಿನ ಓಡಾಟಕ್ಕೆ ಏನೂ ತೊಂದರೆ ಆಗಲಿಲ್ಲ.

ಅಂತರಘಟ್ಟೆಯ ಕಡೆ ಒಂದು ತೋಟದ ಮೋಟಾರ್ ಕೆಟ್ಟಿತ್ತು. ಅದನ್ನು ಮುಗಿಸಿ ತರೀಕೆರೆಗೂ ಹೋಗಿಬರುತ್ತೇನೆ ಎಂದ. ನನಗೆ ಅಲ್ಲಿ ಹೊಲಿದ ರವಿಕೆಗಳನ್ನು ಕೊಡುವುದಿತ್ತು, ಜೊತೆಗೆ ಹೊರಟೆ. ಅಜ್ಜಂಪುರ ದಾಟುವಾಗಲೇ ಮುಲುಕು ಜೋರಾಗಿತ್ತು. ತೋಟದ ಕೆಲಸ ಮುಗಿದು ತರೀಕೆರೆಯ ಕಡೆ ತಿರುಗಿದಾಗ ಮಧ್ಯಾಹ್ನದ ಬಿಸಿಲು. ಗಾಜು ಇಳಿಸಿದ್ದರಿಂದ ಆ ಸದ್ದು ಕಾರಿನೊಳಗೇ ಕೂತಂತಿತ್ತು.

ದಾರಿಯಲ್ಲಿ ಒಂದು ಕೆರೆ ಏರಿ ಬರುತ್ತದೆ. ರಸ್ತೆ ಎಡಕ್ಕೆ ತಿರುಗಿ ಏರಿ ಹತ್ತುತ್ತದೆ. ತಿರುಗದೆ ನೇರ ಹೋದರೆ ನೀರು. ಅಣ್ಣಯ್ಯ ಚಕ್ರವನ್ನು ಎಡಕ್ಕೆ ತಿರುಗಿಸಿದ. ಅದು ಸ್ವಲ್ಪ ತಿರುಗಿ ನಿಂತಿತು. ಮುಲುಕು ಗೊರಗೊರ ಎನ್ನತೊಡಗಿತು. ಅವನ ಎಡಗೈ ಗೇರಿನ ಮೇಲಿತ್ತು, ಚಕ್ರದ ಮೇಲೆ ಬಲಗೈ ಒಂದೇ ಇತ್ತು. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಚಕ್ರ ಅಲುಗಲಿಲ್ಲ. ಕಾರಿನ ಮೂತಿಯ ಮುಂದೆ ನೀರಿನ ಹೊಳಪು ಕಂಡಿತು. ನಾನು ಎರಡೂ ಕೈಯಲ್ಲಿ ಚಕ್ರದ ಎಡಬದಿ ಹಿಡಿದು ನನ್ನ ಮೊಣಕಾಲಿನತ್ತ ಎಳೆದೆ. ಅವನು ಬ್ರೇಕ್ ಒತ್ತಿದ. ಏರಿಯಂಚಿನ ಕಲ್ಲಿಗೆ ಬಂಪರ್ ತಾಗುವಷ್ಟರಲ್ಲಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿದ್ದ ರವಿಕೆಗಳ ಗಂಟು ಬಿಚ್ಚಿ ಕಾಲಡಿ ಚೆಲ್ಲಿತ್ತು.

ಅಣ್ಣಯ್ಯ ಇಳಿದು ಬಾನೆಟ್ ಎತ್ತಿ, ಮೂಲೆಗೆ ಬಗ್ಗಿ, ಬಾಟಲಿಯ ಮುಚ್ಚಳ ತೆಗೆದ. ಒಳಗೆ ಎಣ್ಣೆ ಕಾಣಿಸಲಿಲ್ಲ. ಕರೆದ ಹಾಲಿನಂತೆ ನೊರೆ.

“ಏರ್ ಹಿಡಿದೈತೆ” ಎಂದ. ರೈತರಿಗೆ ಹೇಳುವಾಗಿನ ಅದೇ ದನಿ. ಆಮೇಲೆ ಕಲ್ಲಿನ ಮೇಲೆ ಕೂತುಬಿಟ್ಟ. “ಬಾವಿ ಪಂಪಿಗೆ ತಳದಾಗೆ ಫುಟ್‌ವಾಲ್ವ್ ಇರ್ತೈತೆ, ಎಳೆದ ನೀರು ವಾಪಸ್ ಇಳಿಯಾಕೆ ಬಿಡಲ್ಲ. ಇದಕ್ಕೆ ಎಲ್ಲೈತೆ? ಮೇಲಿಂದ ತಾನಾಗೇ ಇಳೀಬೇಕಿತ್ತು ಎಣ್ಣೆ. ಕೆಳಗಿಟ್ಟೆ. ಎಳೆಯೋವಾಗ ಕ್ಲಿಪ್ಪಿನ ಸಂದಿಯಾಗೆ ಗಾಳಿ ಎಳ್ಕೊಂಡೈತೆ.”

ಎಣ್ಣೆ ಹೊರಗೆ ಸೋರದೆ ಗಾಳಿ ಒಳಗೆ ಸೋರಿತ್ತು. ನಾನು ಬಗ್ಗಿ ನೋಡಿದ್ದೆಲ್ಲ ನೆಲವನ್ನು.

ತರೀಕೆರೆಯವರೆಗೆ ನಡೆಯುವವರ ವೇಗದಲ್ಲಿ ಹೋದೆವು. ಪ್ರತಿ ತಿರುವಿನಲ್ಲೂ ನಾಲ್ಕು ಕೈ. ಊರಾಚೆಯ ಗ್ಯಾರೇಜಿನ ಸಾಬರು ಅಣ್ಣಯ್ಯನಿಗೆ ಹಳೆಯ ಗೆಳೆಯರು. ಬಾನೆಟ್ಟಿನೊಳಗೆ ನೋಡಿದವರೇ ಸೊಂಟದ ಮೇಲೆ ಕೈಯಿಟ್ಟುಕೊಂಡರು.

“ಕ್ಯಾ ಭಾಯ್, ಕಾರಿಗೇ ಬೋರ್ ಕೊರೆಸ್ಬಿಟ್ಟಿದ್ದೀಯ! ಗಾಳಿ ಹಿಡೀದಂಗೆ ನಿಮ್ ರೈತ್ರು ಪಂಪಿಗೆ ಸಗಣಿ ನೀರು ಹೊಯ್ತಾರಲ್ಲ, ಅದನ್ನೂ ಹೊಯ್ದ್ಯೋ ಇಲ್ವೋ?”

ಅಣ್ಣಯ್ಯ ನಗಲಿಲ್ಲ. ಸಾಬರು ಅವನ ಮುಖ ನೋಡಿ, ನನ್ನ ಮುಖ ನೋಡಿ, ಟೀ ತರಿಸಿದರು. ಮತ್ತೆ ತಮಾಷೆ ಮಾಡಲಿಲ್ಲ. ಬಾಟಲಿ ಮೊದಲಿನ ಎತ್ತರಕ್ಕೇ ಹೋಯಿತು. ಪೈಪು ಎಂಜಿನ್ನಿನ ಮೇಲೆ ಅಡ್ಡ ಬಂತು, ವಿಭೂತಿಯ ಪಟ್ಟೆಗಳ ಮೇಲೆಯೇ. ಮುಂದಿನ ಗಾಲಿಗಳನ್ನು ಜಾಕಿನಲ್ಲಿ ಎತ್ತಿ, ಎಣ್ಣೆಯಲ್ಲಿ ಗಾಳಿಯ ಗುಳ್ಳೆಗಳು ಏಳುವುದು ನಿಲ್ಲುವವರೆಗೆ ಚಕ್ರ ತಿರುಗಿಸಬೇಕಿತ್ತು. “ನೀನೇ ತಿರುಗ್ಸು ಭಾಯ್” ಎಂದು ಅಣ್ಣಯ್ಯನನ್ನೇ ಕೂರಿಸಿದರು. ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ ತಿರುಗಿಸುತ್ತ ಕೂತ. ಕೊನೆಗೆ ಚಕ್ರ ಬೆರಳಲ್ಲಿ ತಿರುಗಿತು.

ಕಡೂರು ಸೇರುವವರೆಗೆ ನನ್ನ ಬಲಗೈ ಚಕ್ರದ ಹತ್ತಿರವೇ ಇತ್ತು.

“ಕೈ ತಗಿಯೇ, ಸರಿ ಹೋಯ್ತಲ್ಲ” ಎಂದ. ತೆಗೆದು ಮಡಿಲಲ್ಲಿಟ್ಟೆ. ಮುಂದಿನ ತಿರುವಿಗೆ ಅದು ಮತ್ತೆ ಅಲ್ಲೇ ಇತ್ತು.

ಮನೆಯಲ್ಲಿ ಅತ್ತಿಗೆ ಏನೂ ಕೇಳುವ ಮೊದಲೇ ಅಣ್ಣಯ್ಯ ಎಲ್ಲ ಹೇಳಿದ. “ಬಾಟ್ಲಿ ಇಳಿಸಿದ್ದು ನನ್ ತಪ್ಪು. ಕೈದೇನಿಲ್ಲ. ಈಗ ಮೇಲಿಟ್ಟೈತೆ” ಎಂದು ಮುಗಿಸಿದ. ಅತ್ತಿಗೆ ಅವನನ್ನು ಬಿಟ್ಟು ನನ್ನತ್ತ ತಿರುಗಿದರು.

“ನೀನ್ ಜೊತೇಲಿದ್ಯಲ್ಲ. ನೀನ್ ಹೇಳು.”

ಅಣ್ಣಯ್ಯ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದ. ನಾನು ಕಂಡದ್ದನ್ನು ಹೇಳಿದೆ. ತಪ್ಪು ಬಾಟಲಿಯದೇ. ಆದರೆ ಕೆರೆ ಏರಿಯಲ್ಲಿ ಒಬ್ಬನೇ ಇದ್ದಿದ್ದರೆ ಆ ಕೈಗೆ ತಿರುಗಿಸಲು ಆಗುತ್ತಿರಲಿಲ್ಲ ಎಂದೂ ಹೇಳಿದೆ.

ಅತ್ತಿಗೆ, “ಕಾರ್ ಮಾರೋದ್ ಬ್ಯಾಡ” ಅಂದರು. “ಒಬ್ರೇ ಹೋಗೋದೂ ಬ್ಯಾಡ.”

ಅತ್ತಿಗೆಗೆ ಮನೆ ಬಿಟ್ಟು ಬರಲಾಗದು. ಈಗ ತೋಟಗಳಿಂದ ಫೋನ್ ಬಂದರೆ ಅಣ್ಣಯ್ಯ ಗೋಡೆಗೆ ಎರಡು ಸಲ ಬಡಿಯುತ್ತಾನೆ. ಹೊಲಿಗೆ ತಡವಾಯಿತೆಂದು ಗಿರಾಕಿಗಳು ಬೈಯುತ್ತಾರೆ. ನಾನು ಯಂತ್ರಕ್ಕೆ ಬಟ್ಟೆ ಮುಚ್ಚಿ, ಬಾಗಿಲೆಳೆದು, ಹೋಗಿ ಕಾರಿನಲ್ಲಿ ಅವನ ಎಡಗಡೆ ಕೂರುತ್ತೇನೆ.