ಒಲೆಗೆ ಬೀಳದ ಪುಸ್ತಕಗಳು

ದರ್ಜಿ ದಸ್ತಗೀರ ತನ್ನ ಮಗಳ ಪುಸ್ತಕಗಳನ್ನು ಎಂದೂ ಒಲೆಗೆ ಹಾಕಲಿಲ್ಲ. ಹಾಕಿದನೆಂದು ಬರೆದವನು ನಾನು. ಬರೆದು, ಅದನ್ನು ಆ ಮಗಳೇ ಬರೆದಳೆಂದು ಊರು ನಂಬುವಾಗ ಸುಮ್ಮನಿದ್ದು, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಮುಂದಿನ ಮಾತುಗಳಲ್ಲಿ ಎಲ್ಲಿಯಾದರೂ ನಾನು ನನ್ನ ಪರ ವಾದಿಸುವಂತೆ ಕಂಡರೆ, ಓದುವವರು ಈ ಸಾಲುಗಳಿಗೆ ಹಿಂದಿರುಗಬೇಕು.

ಮುದ್ದೇಬಿಹಾಳದಲ್ಲಿ ನನ್ನನ್ನು ‘ಪುರಾವಿ ಮುತ್ಯಾ’, ಎಂದರೆ ಪುರಾವೆ ಕೇಳುವ ಅಜ್ಜ, ಎನ್ನುತ್ತಾರೆ. ನಾನು ಶಾಲೆ ಬಿಟ್ಟದ್ದು ಏಳನೆಯ ಇಯತ್ತೆಯಲ್ಲಿ. ಉಳಿದ ಓದೆಲ್ಲ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಜೋಳದ ಚೀಲಗಳ ಮೇಲೆ ಕುಳಿತು ಆದದ್ದು. ಸಾಲೋಟಗಿಗೆ ಬಸ್ಸು ಹಿಡಿದು ಹೋಗಿ, ಶಾಸನದ ಮುಂದೆ ನಿಂತು, ಬಲ್ಲವರನ್ನು ಕಾಡಿ ಒಂದೊಂದೇ ಅಕ್ಷರ ಕೂಡಿಸಿದವನು ನಾನು. ‘ಹಿರಿಯರು ಹೇಳುತ್ತಿದ್ದರು’ ಎಂದು ಯಾರಾದರೂ ಆರಂಭಿಸಿದರೆ ಸಾಕು, “ಪುರಾವಿ ಏನೈತಿ?” ಎಂದು ಕೇಳಿ ಅವರ ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದೆ. ಮದುವೆಯ ಪಂಕ್ತಿಯಲ್ಲೂ ಬಿಟ್ಟವನಲ್ಲ. ಜನ ನಗುತ್ತಿದ್ದರು, ಹೆದರುತ್ತಲೂ ಇದ್ದರು. ಆ ಹೆಸರು ನನಗೆ ಹಿತವಾಗಿತ್ತು.

ಕಾಲೇಜಿನ ಮಕ್ಕಳು ಪ್ರಬಂಧ ತಿದ್ದಿಸಲು ನನ್ನಲ್ಲಿಗೆ ಬರುವುದಕ್ಕೂ ಆ ಹೆಸರೇ ಕಾರಣ. ಇಲ್ಲಿ ಒಂದು ರೂಢಿ ಬೆಳೆದಿತ್ತು: ಬರೆದದ್ದನ್ನು ನನ್ನ ಮುಂದೆ ಗಟ್ಟಿಯಾಗಿ ಓದಿ, “ನಿಮ್ಮ ಕೈ ಆಡ್ಲಿ ಮುತ್ಯಾ” ಎಂದು ಹಾಳೆ ಬಿಟ್ಟು ಹೋಗುವುದು. ನಾನೇ ತಿದ್ದಿ, ಟೈಪು ಮಾಡಿ, ಕಾಲೇಜಿಗೆ ಮುಟ್ಟಿಸುತ್ತಿದ್ದೆ. ತಿದ್ದಿದ್ದನ್ನು ಮಕ್ಕಳು ಮರಳಿ ಕೇಳುತ್ತಿರಲಿಲ್ಲ. ಕೇಳಿದರೆ ಹಿರಿಯನ ಮೇಲೆ ಗುಮಾನಿ ಪಟ್ಟಂತೆ.

ದಸ್ತಗೀರನ ಮಗಳು ಶಾಹೀನ್ ಹಾಗೆಯೇ ಬಂದಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ನಾಲ್ಕೂ ಕಡೆಯ ಪದವಿ ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆಯಿತ್ತು. ವಿಷಯ: ‘ನಾನು ಓದಿದ ಕಾದಂಬರಿಯಲ್ಲಿ ನಾನು’. ಅವಳು ಆರಿಸಿಕೊಂಡ ಕಾದಂಬರಿಯಲ್ಲಿ ಒಬ್ಬ ಸಾಬ ಬರುತ್ತಾನೆ. ಹಬ್ಬಕ್ಕೆ ಕುರಿ ಕೊಯ್ದು, ಕೂಲಿ ಇಸಿದುಕೊಂಡು, ಮಾತಿಲ್ಲದೆ ಹೋಗುತ್ತಾನೆ. ಅವಳು ಬರೆದಿದ್ದಳು: ‘ಆತನಿಗೂ ಒಬ್ಬ ಮಗಳಿರಬಹುದೆಂದು ಲೇಖಕರಿಗೆ ಹೊಳೆಯಲಿಲ್ಲ. ನಾನು ಆ ಮಗಳು.’

ಆಮೇಲೆ ತನ್ನ ಮನೆಯನ್ನು ಬರೆದಿದ್ದಳು. ದಸ್ತಗೀರನಿಗೆ ಓದು ಬರುವುದಿಲ್ಲ. ಸಂಜೆ ಅವನು ಅಂಗಡಿಯಲ್ಲಿ ಹೊಲಿಯುವಾಗ ಅವಳು ಪಕ್ಕದ ಸ್ಟೂಲಿನ ಮೇಲೆ ಕುಳಿತು ಕಾದಂಬರಿಗಳನ್ನು ಓದಿ ಹೇಳುತ್ತಿದ್ದಳು. ಕಥೆಯಲ್ಲಿ ಗಾಬರಿಯ ಜಾಗ ಬಂದರೆ ಅಪ್ಪನ ಮಷಿನ್ ನಿಲ್ಲುತ್ತಿತ್ತು. ‘ಯಾವ ಪುಸ್ತಕ ಚಲೋ ಎಂಬುದನ್ನು ನಾನು ಆ ಮೌನದಿಂದ ಕಲಿತೆ’ — ಇದು ಅವಳ ಸಾಲು. ಇಡೀ ಪ್ರಬಂಧದಲ್ಲಿ ನಗುವೇ ಹೆಚ್ಚು.

ನಾನು ಕೇಳಿದೆ: “ಖರೇ ಹೇಳವ್ವ. ಕಥಿ ಪುಸ್ತಕ ಓದಿದ್ರ ನಿಮ್ಮಪ್ಪ ಬೈಯಂಗಿಲ್ಲ?”

“ಬೈತಾರ್ರಿ ಮುತ್ಯಾ,” ಅಂದಳು. “ಅರ್ಧಕ್ಕ ನಿಲ್ಲಿಸಿದ್ರ ಬೈತಾರ.”

ಅವಳು ನಕ್ಕಳು, ನಾನೂ ನಕ್ಕೆ. ಆದರೆ ನಾನು ಅವಳನ್ನು ನಂಬಲಿಲ್ಲ. ಸಾಬರ ಮನೆ, ಓದು ಬಾರದ ಅಪ್ಪ, ಹೆಣ್ಣುಮಗಳು: ಇಂಥಲ್ಲಿ ಹೀಗಿರಲು ಸಾಧ್ಯವಿಲ್ಲ, ಹುಡುಗಿ ಮನೆಯ ಮಾನ ಮುಚ್ಚುತ್ತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ದಸ್ತಗೀರ ನನಗೆ ಅಂಗಿ ಹೊಲಿದುಕೊಟ್ಟವನು. ಅವನ ಅಂಗಡಿಯ ಮುಂದೆ ದಿನವೂ ಹಾದುಹೋಗುತ್ತಿದ್ದೆ. ಒಂದು ಸಂಜೆ ನಿಂತು ನೋಡಿದ್ದರೆ ಸಾಕಿತ್ತು. ಕಲ್ಲಿನ ಅಕ್ಷರಕ್ಕಾಗಿ ಸಾಲೋಟಗಿಯ ತನಕ ಹೋದವನು, ನಾಲ್ಕು ಹೆಜ್ಜೆಯ ಈ ಪುರಾವೆಯನ್ನು ನೋಡಲು ನಿಲ್ಲಲಿಲ್ಲ.

ಮತ್ತೊಂದು ಆಸೆಯೂ ಇತ್ತು. ನಾನು ತಿದ್ದಿದ ಪ್ರಬಂಧ ಗೆಲ್ಲಬೇಕು. ಹೊರಗಿನಿಂದ ಬರುವ ತೀರ್ಪುಗಾರರಿಗೆ ನಗು ಹಿಡಿಸದು, ಕಣ್ಣೀರು ಹಿಡಿಸುತ್ತದೆ — ಇದು ನನ್ನ ಲೆಕ್ಕ. ಸ್ಟೂಲನ್ನು ತೆಗೆದೆ, ನಿಲ್ಲುವ ಮಷಿನನ್ನು ತೆಗೆದೆ. ಅವಳ ಮೊದಲ ಪರಿಚ್ಛೇದವನ್ನು ಮಾತ್ರ ಉಳಿಸಿ, ಮುಂದೆ ನನ್ನದನ್ನು ಟೈಪು ಮಾಡಿದೆ: ‘ಅಪ್ಪ ನನ್ನ ಪುಸ್ತಕಗಳನ್ನು ಒಲೆಗೆ ಹಾಕಿದ ದಿನ ನನ್ನೊಳಗೆ ಒಂದು ಬೆಂಕಿ ಹೊತ್ತಿತು.’ ಬರೆದು ಮುಗಿಸಿದಾಗ ನನ್ನದೇ ಕಣ್ಣು ತುಂಬಿತ್ತು. ಎಂಥ ಅಸಹ್ಯ.

ಪ್ರಬಂಧ ಗೆದ್ದಿತು.

ಗೆದ್ದವರು ವೇದಿಕೆಯ ಮೇಲೆ ಓದಬೇಕು, ಹೆತ್ತವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಬೇಕೆಂಬುದು ಆ ಕಾರ್ಯಕ್ರಮದ ಪದ್ಧತಿ. ದಸ್ತಗೀರ ತಾನೇ ಹೊಲಿದ ಹೊಸ ಅಂಗಿ ತೊಟ್ಟು ಬಂದಿದ್ದ. ನಾನು ಅತಿಥಿಯಾಗಿ ವೇದಿಕೆಯ ಮೇಲಿದ್ದೆ. ಶಾಹೀನ್‌ಳ ಕೈಗೆ ಹಾಳೆ ಬಂದದ್ದೇ ಮೈಕಿನ ಮುಂದೆ. ಆಗಲಾದರೂ ನಾನು ಎದ್ದು ಹಾಳೆ ಕಿತ್ತುಕೊಳ್ಳಬಹುದಿತ್ತು. ಖುರ್ಚಿಯ ಕೈ ಹಿಡಿದು ಕುಳಿತೆ.

ಮೊದಲ ಪರಿಚ್ಛೇದ ಓದಿದಳು. ಗಟ್ಟಿ ದನಿ. ‘ನಾನು ಆ ಮಗಳು’ ಎಂದಾಗ ದಸ್ತಗೀರ ಅಕ್ಕಪಕ್ಕದವರನ್ನು ನೋಡಿ ಮೀಸೆಯಲ್ಲೇ ನಕ್ಕ. ಮುಂದಿನ ಸಾಲಿಗೆ ಕಣ್ಣು ಹಾಯಿಸಿದವಳು ನಿಂತಳು. ಹಾಳೆ ತಿರುಗಿಸಿ ಹಿಂದೆ ನೋಡಿದಳು, ತನ್ನ ಹಾಳೆ ಅಲ್ಲೆಲ್ಲೋ ಇರಬೇಕೆಂಬಂತೆ. ನಂತರ ನನ್ನತ್ತ ನೋಡಿದಳು. ನಾನು ಸಭೆಯತ್ತ ನೋಡಿದೆ.

ಹುಡುಗಿಗೆ ದುಃಖ ಉಮ್ಮಳಿಸಿದೆ ಎಂದು ತಿಳಿದ ಅಧ್ಯಾಪಕರೊಬ್ಬರು ಹಾಳೆ ಇಸಿದುಕೊಂಡು, ತಾವೇ ಭಾವ ತುಂಬಿ ಓದಿದರು. ಒಲೆಯ ಸಾಲಿಗೆ ಸಭೆ ಚಪ್ಪಾಳೆ ತಟ್ಟಿತು. ತಲೆಗಳು ಒಂದೊಂದಾಗಿ ದಸ್ತಗೀರನತ್ತ ತಿರುಗಿದವು. ವೇದಿಕೆಯ ಕೆಳಗೇ ಯಾರೋ ಅಂದರು: “ಶಾಲು ಹೊಚ್ಚಿಸ್ಕೊಳ್ಳಾಕ ಬಂದಾನ ನೋಡಲೇ, ಹೊಸಾ ಅಂಗಿ ಬ್ಯಾರೆ!” ಆ ಸಭೆಯಲ್ಲಿ ಪುರಾವೆ ಕೇಳಿದವರು ಒಬ್ಬರೂ ಇಲ್ಲ. ಎಲ್ಲರಿಗೂ ಮೊದಲೇ ಗೊತ್ತಿತ್ತು — ನನಗೆ ಗೊತ್ತಿದ್ದ ಹಾಗೆ.

ಅಧ್ಯಕ್ಷರು ಅವನ ಬೆನ್ನು ತಟ್ಟಿ, “ಈಗರೆ ತಿದ್ದಿಕೊಂಡ್ರಲ್ಲ, ದೊಡ್ಡದು ಬಿಡ್ರಿ” ಎಂದರು. ದಸ್ತಗೀರ ತಲೆ ಬಗ್ಗಿಸಿ ಶಾಲು ಹೊದ್ದುಕೊಂಡ. ಬಗ್ಗಿದ ತಲೆ ಮೇಲೇಳಲಿಲ್ಲ.

ಮೆಟ್ಟಿಲಿಳಿಯುವಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ. ದನಿ ಏರಿಸಲಿಲ್ಲ. “ಮುತ್ಯಾ, ನೀವ ತಿದ್ದೀರಂತಲ್ಲ. ಈ ಒಲಿ ಮಾತು... ಅಕಿನೇ ಬರದಾಳೇನ್ರಿ?”

ಶಾಹೀನ್ ಅವನ ಹಿಂದೆಯೇ ನಿಂತಿದ್ದಳು. ಸುತ್ತ ಅಧ್ಯಾಪಕರು, ಅಧ್ಯಕ್ಷರು, ನನ್ನನ್ನು ಪುರಾವಿ ಮುತ್ಯಾ ಎನ್ನುವವರೆಲ್ಲ. ಒಂದೇ ಮಾತು ಸಾಕಿತ್ತು. ನಾನು ಆಡಿದ ಮಾತು ಇದು:

“ನಾ ಬರೇ ಅಕ್ಷರ ತಿದ್ದೇನಿ, ದಸ್ತಗೀರ.”

ಅವನು ಮಗಳತ್ತ ತಿರುಗಿದ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಇನ್ನೊಂದು ಮಾತು ಬರಬಹುದೆಂದು. ಬರಲಿಲ್ಲ. “ನಡೀರಿ ಅಬ್ಬಾ, ಮನಿಗೆ,” ಅಂದಳು. ನನ್ನ ಹೆಸರು ಹೇಳಲಿಲ್ಲ. ಪುರಾವಿ ಮುತ್ಯಾನ ಎದುರು ತನ್ನ ಮಾತು ನಡೆಯದೆಂದೋ, ತುಂಬಿದ ಸಭೆಯಲ್ಲಿ ಒಬ್ಬ ಮುದುಕನ ತಲೆ ತಗ್ಗಿಸುವುದು ಬೇಡವೆಂದೋ — ಇಲ್ಲ, ನಿಲ್ಲಿಸುತ್ತೇನೆ. ಅವಳ ಮನಸ್ಸನ್ನು ಅವಳ ಪರವಾಗಿ ನಾನೇ ಬರೆಯುವ ಚಟವೇ ಇಷ್ಟಕ್ಕೆಲ್ಲ ಮೂಲ.

ಆಮೇಲೆ ಸ್ಟೂಲಿನ ಮೇಲೆ ಅವಳನ್ನು ಕಾಣಲಿಲ್ಲ. ಶಿಕ್ಷಕಿಯಾಗಿ ಈಗ ಆಲಮೇಲದ ಕಡೆ ಇದ್ದಾಳೆಂದು ಕೇಳಿದ್ದೇನೆ. ಅಪ್ಪನಿಗೆ ಅವಳು ಏನು ಹೇಳಿದಳು, ಅವನು ಯಾರನ್ನು ನಂಬಿದ, ತಿಳಿಯದು. ಅವನು ಇಂದಿಗೂ ನನಗೆ ‘ಶರಣ್ರಿ’ ಎನ್ನುತ್ತಾನೆ. ಅಂಗಿ ಹೊಲಿಸಲು ನಾನೇ ಹೋಗಿಲ್ಲ.

ಹೀಗೆಯೇ ಸತ್ತುಹೋಗುತ್ತಿದ್ದೆನೋ ಏನೋ. ಈ ವರ್ಷ ಅದೇ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನನ್ನಾಗಿ ಕರೆದರು. ಪ್ರಬಂಧಗಳ ಕಟ್ಟು ಬಂತು. ಇಂಡಿಯ ಒಬ್ಬಳ ಅಪ್ಪ ಅವಳ ಪುಸ್ತಕಗಳನ್ನು ಒಲೆಗೆ ಹಾಕಿದ್ದ. ಬಸವನ ಬಾಗೇವಾಡಿಯ ಒಬ್ಬಳ ಅಪ್ಪನೂ ಹಾಕಿದ್ದ, ಅವನು ಸ್ವತಃ ಮೇಷ್ಟ್ರು. ಎಲ್ಲರೊಳಗೂ ‘ಒಂದು ಬೆಂಕಿ ಹೊತ್ತಿತ್ತು’. ಸಿಂದಗಿಯಿಂದ ಹಾಗೆಯೇ ಬರೆದಿದ್ದ ಹುಡುಗಿಯೊಬ್ಬಳಿಗೆ ಫೋನ್ ಮಾಡಿ ಕೇಳಿದೆ: ನಿಮ್ಮಪ್ಪ ಖರೇನೇ ಸುಟ್ಟನೇನವ್ವ?

“ಅಯ್ಯ, ಇಲ್ರಿ ಅಜ್ಜಾರ! ನಮ್ಮನಿಯಾಗ ಒಲಿನೇ ಇಲ್ಲ, ಗ್ಯಾಸ್ ಐತಿ. ಹಳೇ ಬಹುಮಾನದ ಪ್ರಬಂಧ ಝೆರಾಕ್ಸ್ ಕೊಡ್ತಾರ್ರಿ, ಎಲ್ಲಾರೂ ಹಂಗ ಬರೀತೇವಿ. ಖರೇ ಬರದ್ರ ಯಾರು ಕೊಡ್ತಾರ್ರಿ ಬಹುಮಾನ?”

ಪರಂಪರೆಯ ಮಾತು ಹುಟ್ಟುವುದು ಹೇಗೆಂದು ಜೀವಮಾನವಿಡೀ ಹುಡುಕಿದವನಿಗೆ ಉತ್ತರ ಫೋನಿನಲ್ಲಿ ಬಂತು. ಒಬ್ಬ ಬರೆಯುತ್ತಾನೆ, ನಂಬಲು ಸಿದ್ಧರಿದ್ದವರು ಚಪ್ಪಾಳೆ ತಟ್ಟುತ್ತಾರೆ, ಮಕ್ಕಳು ನಕಲು ಮಾಡುತ್ತಾರೆ. ಆಮೇಲೆ ಅದು ಈ ನೆಲದ ಸತ್ಯ.

ಬಹುಮಾನದ ದಿನ ಆ ವೇದಿಕೆಯ ಮೇಲೆ ನಾನು ಓದುವುದು ತೀರ್ಪನ್ನಲ್ಲ, ಈ ಹಾಳೆಗಳನ್ನು. ಆದರೆ ಅದು ಎರಡನೆಯ ಕೆಲಸ. ಸಂತೆಯ ದಿನ ದಸ್ತಗೀರನ ಅಂಗಡಿ ತುಂಬಿರುತ್ತದೆ. ಚಪ್ಪಾಳೆ ತಟ್ಟಿದವರೂ ಅಲ್ಲಿಗೆ ಬಟ್ಟೆ ತರುತ್ತಾರೆ. ಮೊದಲು ಅಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ಮೇಲಿನ ಮೊದಲ ಸಾಲುಗಳನ್ನು ಹೇಳುತ್ತೇನೆ. ಏಕೆ ಮಾಡಿದೆನೆಂದು ಹೇಳುವುದಿಲ್ಲ; ಹೇಳಿದರೆ ಅದು ಕ್ಷಮೆಗೆ ಹಾಕಿದ ಅರ್ಜಿಯಾಗುತ್ತದೆ. ಶಾಹೀನ್, ನಿನ್ನ ಸಾಲುಗಳಲ್ಲಿ ನನಗೆ ನೆನಪಿರುವಷ್ಟನ್ನು ನಿನ್ನ ಅಪ್ಪನಿಗೆ ಒಪ್ಪಿಸುತ್ತೇನೆ — ಒಂದಕ್ಷರವನ್ನೂ ತಿದ್ದದೆ.

ನಿನ್ನೆ ಅತ್ತ ಹಾದುಹೋದೆ. ಮಷಿನ್ ಓಡುತ್ತಿತ್ತು. ದಾರಿಯ ತಿರುವಿನವರೆಗೂ ಕಿವಿಗೊಟ್ಟೆ, ಒಮ್ಮೆಯೂ ನಿಲ್ಲಲಿಲ್ಲ.