ಕವರಮ್ಮ ತಕ್ಕಡಿ ತರಿಸಿದ್ದು

ಸೋಫಾಗಳಿಗೆ ಕವರ್ ಹೊಲಿಯುತ್ತಿದ್ದ ಅವಳನ್ನು ಬೀದಿಯವರೆಲ್ಲ ಕವರಮ್ಮ ಎಂದೇ ಕರೆಯುತ್ತಿದ್ದರು. ಅವಳ ಅಂಗಡಿಗೆ ಅಂಟಿಕೊಂಡೇ ಇದ್ದದ್ದು ಮೈದುನನ ಅಲ್ಯೂಮಿನಿಯಂ ಚಾನಲ್ ಅಂಗಡಿ. ಕಿಟಕಿಗೂ ಬಾಗಿಲಿಗೂ ಬೇಕಾಗುವ ಉದ್ದುದ್ದ ಪಟ್ಟಿಗಳು ಅಲ್ಲಿ ಗೋಡೆಗೊರಗಿ ನಿಂತಿರುತ್ತಿದ್ದವು. ಅತ್ತಿಗೆ ಮೈದುನರ ನಡುವೆ ಮಾತು ನಿಂತು ಏಳು ವರ್ಷವಾಗಿತ್ತು.

ಮೊದಲು ಎರಡೂ ಸೇರಿ ಒಂದೇ ಅಂಗಡಿ. ಕಟ್ಟಿ ಬೆಳೆಸಿದವನು ಕವರಮ್ಮನ ಗಂಡ. ಮಾಲು ಬಂದಿಳಿದಾಗ ಅವನು ಒಂದೊಂದು ಚಾನಲನ್ನೂ ಹೆಂಡತಿಯ ಕೈಗೆ ಕೊಟ್ಟು, ಎತ್ತಿ ನೋಡು, ಅಂಚು ನೋಡು, ಹೆಬ್ಬೆರಳಿನಲ್ಲಿ ಒತ್ತಿ ನೋಡು ಎನ್ನುತ್ತಿದ್ದ. ಕಪಾಟಿಗೆ ಸಾಕಾಗುವ ದಪ್ಪ ಕಿಟಕಿಗೆ ಸಾಲದು, ಕೆಳಗಿನ ಮನೆಗೆ ನಡೆಯುವ ಕಿಟಕಿ ಗಾಳಿ ಹೊಡೆಯುವ ಮೇಲಿನ ಮಹಡಿಗೆ ನಡೆಯದು ಎಂದೆಲ್ಲ ಹೇಳಿಕೊಡುತ್ತಿದ್ದ. ಅವಳು ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಕವರ್ ಹೊಲಿಯುತ್ತಲೇ ಇವನ್ನೆಲ್ಲ ಕಲಿತಳು. ಒಂದು ಬೆಳಿಗ್ಗೆ ಅವನು ಶಟರ್ ಎತ್ತುತ್ತಲೇ ಎದೆ ಹಿಡಿದುಕೊಂಡು ಕುಸಿದ. ಮತ್ತೆ ಏಳಲಿಲ್ಲ.

ಆರು ತಿಂಗಳು ಕಳೆದಿರಲಿಲ್ಲ, ಮೈದುನ ಅಂಗಡಿಯ ನಡುವೆ ಪಾರ್ಟಿಷನ್ ಹಾಕಿಸಿದ. ನಡುವೆ ಎನ್ನುವುದು ಬಾಯಿಮಾತು. ಬೀದಿ ಕಡೆಯ ಅಗಲವೆಲ್ಲ ಅವನಿಗೆ, ಒಬ್ಬರು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಜಾಗ ಅವಳಿಗೆ. "ನಿಮ್ಮ ಬಟ್ಟೆ ಕೆಲಸಕ್ಕೆ ಇಷ್ಟು ಧಾರಾಳ ಆಯ್ತು ಅತ್ತಿಗೆ" ಎಂದಿದ್ದ. ಅವಳು ಅವನೊಡನೆ ಆಡಿದ ಕೊನೆಯ ಮಾತು, "ಆಯ್ತಪ್ಪ" ಎಂಬುದು. ಅಲ್ಲಿಂದಾಚೆಗೆ ಹಲ್ಲು ಕಚ್ಚಿದವಳು ಬಿಡಲಿಲ್ಲ.

ಪಾರ್ಟಿಷನ್ ಮೇಲಿನ ತನಕ ಹೋಗಿರಲಿಲ್ಲ. ಆ ಸಂದಿನಿಂದ ಆ ಕಡೆಯ ಮಾತೆಲ್ಲ ಈ ಕಡೆ ಬೀಳುತ್ತಿತ್ತು, ಜೊತೆಗೆ ಚಾನಲ್ ಕೊಯ್ದ ಪುಡಿಯೂ. ಅವಳ ಅಂಗಡಿಗೆ ಗಿರಾಕಿ ಕಾಲಿಟ್ಟರೆ ಸಾಕು, ಆ ಕಡೆ ಕಟಿಂಗ್ ಮಿಷನ್ ಕಿರ್ರೆಂದು ಶುರುವಾಗುವುದು. ಹೊಳೆಯುವ ಪುಡಿ ಬಟ್ಟೆಯ ಮೇಲೆ ಕೂತರೆ ಕೊಡವಿದರೂ ಹೋಗದು, ಕೂತವರ ತೊಡೆಗೆ ಚುಚ್ಚುವುದು. ಅವಳು ಹೊಲಿದ ಪ್ರತಿ ಕವರನ್ನೂ ಮನೆಗೆ ಹೊತ್ತುಕೊಂಡು ಹೋಗಿ, ಇನ್ನೊಮ್ಮೆ ಒಗೆದು, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಒಗೆಯುವಾಗ ಅವಳ ಬಾಯಿಂದ ಬರುತ್ತಿದ್ದ ಮಾತುಗಳನ್ನು ಬರೆಯುವಂತಿಲ್ಲ.

ಹೀಗಿರುವಾಗ ಒಂದು ದಿನ ಲೆಕ್ಕದ ಟೀಚರ್ ಬಂದರು. ಕೆಲಸದಿಂದ ನಿವೃತ್ತರಾಗಿ, ಮಗಳು ಅಳಿಯ ಮತ್ತು ಇಬ್ಬರು ಪುಟ್ಟ ಮೊಮ್ಮಕ್ಕಳೊಂದಿಗೆ ಮೂರನೇ ಮಹಡಿಯ ಮನೆಯಲ್ಲಿದ್ದವರು. ಮೂರು ಜನ ಕೂರುವ ಒಂದು ಸೋಫಾ, ಎರಡು ಒಂಟಿ ಕುರ್ಚಿ, ಅದಕ್ಕೆ ಹಾಲುಬಿಳುಪಿನ ಮಖಮಲ್ ಕವರ್ ಬೇಕೆಂದರು. ಕವರಮ್ಮನಿಗೆ ನಯದ ಮಾತು ಬರುತ್ತಿರಲಿಲ್ಲ.

"ಬಿಳಿ ಹಾಕಿಸಿ ಆಮೇಲೆ ಮಕ್ಕಳನ್ನ ನೆಲದ ಮೇಲೆ ಕೂರಿಸ್ತೀರಾ?" ಎಂದಳು.

ಟೀಚರಿಗೆ ಆ ಗದರಿಕೆ ಹಿಡಿಸಿರಬೇಕು. ಕೊನೆಗೆ ಬೂದು ಬಣ್ಣದ ದಪ್ಪ ಹತ್ತಿ ಬಟ್ಟೆ ನಿಶ್ಚಯವಾಯಿತು. ಕತ್ತರಿಸುವ ಮೊದಲೇ ನೆನೆಹಾಕಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಸೋಫಾದ ಕೈ ಮೇಲೆ ಏರಿ ಕೂರುತ್ತದೆ ಎಂದು ಕವರಮ್ಮ ಬಟ್ಟೆಯನ್ನು ಅಂದೇ ನೀರಿಗೆ ಹಾಕಿದಳು. ಮರುದಿನ ಅಳತೆಗೆ ಹೊರಟಳು.

ಟೀಚರ ಮನೆಯ ಹಾಲ್‌ಗೆ ಸೇರಿದಂತೆ ಒಂದು ಬಾಲ್ಕನಿ. ಅದರ ಕಟ್ಟೆಯನ್ನು ತೆಗೆಸಿ, ನೆಲದಿಂದ ಮೇಲಿನ ತನಕ ಸರಿಯುವ ಗಾಜು ಕೂರಿಸಿ ಹಾಲನ್ನು ದೊಡ್ಡದು ಮಾಡುವ ಕೆಲಸ ನಡೆದಿತ್ತು. ಸದ್ಯಕ್ಕೆ ಒಂದು ಹಗ್ಗ ಅಡ್ಡ ಕಟ್ಟಿದ್ದರು. ಸೋಫಾ ಬರುವುದು ಆ ಗಾಜಿಗೆ ಬೆನ್ನು ಕೊಟ್ಟೇ. ಚಾನಲ್‌ಗಳು ಬಂದು ಬಿದ್ದಿದ್ದವು. ಮೇಲಿನ ಚೀಟಿ ನೋಡುವ ಅಗತ್ಯವೇ ಇರಲಿಲ್ಲ, ಕಟ್ಟಿದ ಗಂಟು ನೋಡಿಯೇ ಮೈದುನನ ಮಾಲು ಎಂದು ಅವಳಿಗೆ ತಿಳಿಯಿತು. ಅಳತೆಗೆ ಅಡ್ಡವಾಗಿದ್ದ ಒಂದನ್ನು ಪಕ್ಕಕ್ಕಿಡಲು ಎತ್ತಿದಳು. ಎತ್ತಿದ ಕೈ ಅಂದಾಜಿಗಿಂತ ಮೇಲೆ ಹೋಯಿತು. ಅಷ್ಟು ಹಗುರ.

ಕಿಟಕಿಕಟ್ಟೆಯ ಮೇಲೆ, ಆರ್ಡರ್ ಹಿಡಿಯುವಾಗ ಮೈದುನ ತೋರಿಸಲು ತಂದಿದ್ದ ಗೇಣುದ್ದದ ಸ್ಯಾಂಪಲ್ ಇತ್ತು. ಅಂಚಿಗೆ ಅಂಚು ಹಿಡಿದು ನೋಡಿದಳು. ಸ್ಯಾಂಪಲ್ಲಿನದು ನಾಣ್ಯದ ಅಂಚು, ಬಂದ ಮಾಲಿನದು ಉಗುರಿನ ಅಂಚು. ಹೆಬ್ಬೆರಳಿನಲ್ಲಿ ಒತ್ತಿದಳು. ಒಳಕ್ಕೆ ಹೋಯಿತು.

ಅವಳಿಗೆ ಮೊದಲು ಬಂದದ್ದು ಭಯವಲ್ಲ, ಖುಷಿ. ಸಿಕ್ಕಿಬಿದ್ದೆಯಲ್ಲ ಮಗನೇ ಎಂದು ಹೊಟ್ಟೆಯೊಳಗೆ ತಂಪಾಯಿತು. ಏಳು ವರ್ಷ ಒಗೆದ ಬಟ್ಟೆಯೆಲ್ಲ ಕಣ್ಣ ಮುಂದೆ ಹಾದುಹೋಯಿತು. ಆಮೇಲೆ ಹಗ್ಗದಾಚೆ ಕೆಳಗೆ ನೋಡಿದಳು. ಮೂರು ಮಹಡಿ ಕೆಳಗೆ ಬೀದಿ. ಹಿಂದೆ ಹಾಲಿನಲ್ಲಿ ಮೊಮ್ಮಕ್ಕಳಿಬ್ಬರೂ ಸೋಫಾ ಮೇಲೆ ಮಂಡಿಯೂರಿ ನಿಂತು, ಅದರ ಬೆನ್ನಿನ ಮೇಲೆ ಜೋತುಬಿದ್ದು ಕುಣಿಯುತ್ತಿದ್ದವು. ಖುಷಿ ಅಲ್ಲಿಗೇ ಹುಳಿಯಾಯಿತು.

ಟೀಚರನ್ನು ಕರೆದು ಎರಡನ್ನೂ ತೋರಿಸಿದಳು. ಅವರು ಕನ್ನಡಕ ಮೇಲೆ ಮಾಡಿ ಅವಳ ಮುಖವನ್ನೇ ನೋಡಿದರು. "ಚಾನಲ್ ಅಂಗಡಿಯವರು ನಿಮ್ಮ ಮೈದುನ ಅಲ್ವಾ? ನಿಮಗೂ ಅವರಿಗೂ ಆಗಲ್ಲ ಅಂತಾರೆ."

"ಆಗಲ್ಲ. ಅದಕ್ಕೇ ನನ್ನ ಮಾತು ನಂಬಬೇಡಿ. ತಕ್ಕಡಿ ತರಿಸಿ."

ಅಡುಗೆಮನೆಯಿಂದ ಹಿಟ್ಟು ತೂಗುವ ತಕ್ಕಡಿ ಬಂತು. ಗಾಜು ಕೂರಿಸಲು ಬಂದಿದ್ದ ಫಿಟ್ಟರ್ ಚಾನಲ್ ಕೊಯ್ಯಲು ಹಿಂದೆ ಮುಂದೆ ನೋಡಿದ. ಕವರಮ್ಮ ಅವನ ಕೈಯಿಂದ ಗರಗಸ ಕಿತ್ತುಕೊಂಡು, ಸ್ಯಾಂಪಲ್ಲಿನಷ್ಟೇ ಉದ್ದದ ತುಂಡನ್ನು ತಾನೇ ಕೊಯ್ದಳು. ತೂಗಿದರೆ, ಬಂದ ಮಾಲು ಸ್ಯಾಂಪಲ್ಲಿನ ಮುಕ್ಕಾಲೂ ಇರಲಿಲ್ಲ. ಫಿಟ್ಟರ್ ನೆಲ ನೋಡಿದ. ಲೆಕ್ಕದ ಟೀಚರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ, ಫೋನ್ ಮಾಡಿ ಮೈದುನನನ್ನು ಕರೆಸಿದರು.

ಅವನು ನಗುತ್ತಲೇ ಬಂದ. ಅತ್ತಿಗೆಯನ್ನು ಕಂಡು ನಗು ಇಳಿಯಿತು. ಗೋಡೌನಿನಲ್ಲಿ ಅದಲುಬದಲಾಗಿದೆ ಎಂದ, ಕಂಪನಿಯವರು ಹೀಗೇ ಕಳಿಸಿದ್ದಾರೆ ಎಂದ, ಈಗ ಎಲ್ಲರೂ ಇದನ್ನೇ ಹಾಕಿಸುತ್ತಾರೆ ಎಂದ. ಒಂದಕ್ಕೊಂದು ಕೂಡದ ಮೂರು ಮಾತು ಮುಗಿದ ಮೇಲೆ ಅವಳ ಕಡೆ ತಿರುಗಿದ.

"ಹೊಲಿಗೆಯವರಿಗೆ ಚಾನಲ್ ವಿಷಯ ಯಾಕೆ ಅತ್ತಿಗೆ? ಅಣ್ಣ ಇದ್ದಿದ್ರೆ ಮನೆ ಮಾನ ಹೀಗೆ ಬೀದಿಗೆ ತರೋಕೆ ಬಿಡ್ತಿದ್ನಾ?"

ಏಳು ವರ್ಷದ ಮೇಲೆ ಅವಳು ಬಾಯಿ ಬಿಟ್ಟಳು. "ನಿಮ್ಮಣ್ಣ ಇದ್ದಿದ್ರೆ ಈ ಮಾಲು ಅಂಗಡಿ ಮೆಟ್ಟಿಲು ಹತ್ತುತ್ತಿರಲಿಲ್ಲ. ಎತ್ಕೊಂಡು ಹೋಗು."

ಅವನು ಎತ್ತಿಕೊಂಡು ಹೋದ. ಹೋಗುವಾಗ ಚಾನಲ್ ತುದಿ ಬೇಕೆಂದೇ ಅವಳ ಅಳತೆ ಚೀಲಕ್ಕೆ ತಗುಲಿಸಿ, ಪಿನ್ನು ಸೀಮೆಸುಣ್ಣವೆಲ್ಲ ಚೆಲ್ಲಾಡಿಸಿದ.

ಇಷ್ಟಾದ ಮೇಲೆ ಟೀಚರ್ ಅವಳನ್ನು ಕೈಮುಗಿದು ಕಳಿಸಿದರು ಎಂದುಕೊಂಡರೆ ತಪ್ಪು. ಮರುದಿನ ಅಂಗಡಿಗೆ ಬಂದು, ಕವರ್ ಕೂಡ ಬೇಡ, ಬೇರೆ ಕಡೆ ರೆಡಿಮೇಡ್ ತೆಗೆದುಕೊಳ್ಳುತ್ತೇನೆ ಎಂದರು. "ನೀವು ಹೇಳಿದ್ದು ನಿಜವೇ. ಆದ್ರೆ ನಿಮ್ಮ ಮನೆ ಜಗಳಕ್ಕೆ ನನ್ನ ಮನೆ ಯಾಕಮ್ಮ ಕಣ?" ಎಂದರು. ನೆನೆಸಿದ ಬಟ್ಟೆ ಇನ್ನೂ ಹಗ್ಗದ ಮೇಲಿತ್ತು. ಕವರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮಾತಿನಲ್ಲಿ ಅಷ್ಟಿಷ್ಟು ಸತ್ಯವಿದೆ ಎಂದು ಅವಳಿಗೇ ಗೊತ್ತಿತ್ತು, ಚುಚ್ಚಿದ್ದೂ ಅದೇ. ಬೇರೆ ಯಾರದೋ ಮಾಲಾಗಿದ್ದರೆ ಅಷ್ಟು ಹುರುಪಿನಿಂದ ಗರಗಸ ಹಿಡಿಯುತ್ತಿದ್ದೆನೇ ಎಂದು ಕೇಳಿಕೊಂಡಳು. ಟೀಚರ್ ಮೆಟ್ಟಿಲಿಳಿಯುವಾಗ ಅವಳು ತಲೆಯೆತ್ತಲಿಲ್ಲ.

ಪಕ್ಕದ ಅಂಗಡಿ ಸುಮ್ಮನಿರಲಿಲ್ಲ. ಕೊಯ್ಯಲು ಏನೂ ಇಲ್ಲದಿದ್ದರೂ ಮಿಷನ್ ಬೆಳಗಿಂದ ಸಂಜೆವರೆಗೆ ಅರಚಿತು. ಕರೆಂಟಿನ ಮೇನ್ ಸ್ವಿಚ್ ಆ ಕಡೆ ಇತ್ತು, ಅವಳ ಕಡೆಯ ದೀಪ ಹೊಲಿಗೆಯ ನಡುವೆ ಆರತೊಡಗಿತು. ಓರಗಿತ್ತಿ ಬೀದಿಯ ಹೆಂಗಸರ ಬಳಿ, ನಮ್ಮಕ್ಕ ಬೇರೆ ಚಾನಲ್ ಅಂಗಡಿಯವರಿಂದ ಕಮಿಷನ್ ತಿಂದು ನಮ್ಮ ಹೊಟ್ಟೆ ಮೇಲೆ ಹೊಡೆದರು ಎಂದು ಕಣ್ಣೊರೆಸಿಕೊಂಡಳು. ನಂಬುವವರು ನಂಬಿದರು. ಕವರಮ್ಮನ ಮಿಷನ್ ಹದಿನೈದು ದಿನ ಸುಮ್ಮನೆ ಕೂತಿತು.

ಹದಿನಾರನೇ ದಿನ ಆ ಫಿಟ್ಟರ್ ಬಂದ. ಕೈಯಲ್ಲಿ ಎರಡು ತುಂಡು ಚಾನಲ್. ಒಂದು ಆಸ್ಪತ್ರೆಯ ಮೇಲಿನ ಮಹಡಿಗೆ ಕಿಟಕಿ ಮಾಡಬೇಕು, ಇದರಲ್ಲಿ ಯಾವುದು ಆದೀತು ನೋಡಿ ಹೇಳಿ ಎಂದ. ಅವಳು ಗಾಜು ಎಷ್ಟು ದಪ್ಪ, ಗಾಳಿ ಯಾವ ಕಡೆಯದು, ಮಳೆನೀರು ಹೊರಹೋಗಲು ಕೆಳಗಿನ ಪಟ್ಟಿಗೆ ತೂತು ಬಿಟ್ಟಿದ್ದಾರಾ ಎಂದು ಕೇಳಿ, ಕೊನೆಗೆ ಎರಡನ್ನೂ ವಾಪಸ್ ಕೊಟ್ಟು, ಎರಡೂ ಬೇಡ ಎಂದಳು. ಅವನು ಹೋಗಿ ಇನ್ನಿಬ್ಬರಿಗೆ ಹೇಳಿದ. ಮನೆ ಕಟ್ಟಿಸುವವರು ಚೀಲದಲ್ಲಿ ತುಂಡು ಇಟ್ಟುಕೊಂಡು ಬರತೊಡಗಿದರು. ಬಂದವರು ಸುಮ್ಮನೆ ಹೋಗಲಾರದೆ ಸೋಫಾದ ಮಾತೂ ಎತ್ತಿದರು.

ವರ್ಷ ತುಂಬುವುದರೊಳಗೆ ಅವಳು ಆ ಸೀಳಿನಂಥ ಅಂಗಡಿ ಬಿಟ್ಟು ಬೀದಿಯ ಇನ್ನೊಂದು ತುದಿಯಲ್ಲಿ ಎರಡು ಕಿಟಕಿಯ ಕೋಣೆ ಹಿಡಿದಳು. ಹೊರಗೆ ಬೋರ್ಡು ಬರೆಸಿದಳು: ಸೋಫಾ ಕವರ್ ಹೊಲಿಯಲಾಗುವುದು, ಚಾನಲ್ ನೋಡಿ ಹೇಳಲಾಗುವುದು. ಬೋರ್ಡು ಓದಿ ನಕ್ಕವರೂ ಒಳಗೆ ಬಂದರು.

ಮೈದುನನ ಅಂಗಡಿಗೆ ಹೋದವರು ಈಗ ತೂಕ ಹಾಕಿಸಿಯೇ ಕೊಳ್ಳುತ್ತಾರೆ. ಅವನೂ ಒಂದು ತಕ್ಕಡಿ ತಂದಿಟ್ಟಿದ್ದಾನೆ. ತೂಗುವಾಗಲೆಲ್ಲ ಅತ್ತಿಗೆಯ ಹೆಸರು ಹಿಡಿದು ಶಪಿಸುತ್ತಾನಂತೆ. ಆದರೆ ತೆಳುವಾದದ್ದನ್ನು ದಪ್ಪವೆಂದು ಮಾರುವ ಧೈರ್ಯ ಹೋಗಿದೆ. ಒಮ್ಮೆ ಫಿಟ್ಟರ್, ಇನ್ನಾದರೂ ರಾಜಿಯಾಗಬಾರದೇ ಅಮ್ಮ ಎಂದ.

ಕವರಮ್ಮ ಹಲ್ಲಿನಲ್ಲಿ ದಾರ ಕಡಿದಳು. "ರಾಜಿ ಆದ್ರೆ ಅವನು ತಕ್ಕಡಿ ಒಳಗಿಡ್ತಾನೆ" ಎಂದಳು. ಆಮೇಲೆ ಅವನನ್ನು ಪಕ್ಕಕ್ಕೆ ಸರಿಯಹೇಳಿ, ಕಾಯುತ್ತಿದ್ದ ಹೆಂಗಸಿನ ಕುರ್ಚಿಯ ಅಳತೆ ಕೇಳತೊಡಗಿದಳು.