ಹಾಲು ಅವಲಕ್ಕಿಯ ಗೊರವಂಕ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಹಕ್ಕಿಮರಿ ಸಾಕಿದ ಕಥೆ ಎಂದೊಡನೆ ನೀವು ನನ್ನನ್ನು ಕರುಣಾಳು ಎಂದುಕೊಳ್ಳುತ್ತೀರಿ. ಆ ಹೊಗಳಿಕೆಯ ರುಚಿ ಹತ್ತಿದವನಿಗೆ ನಿಜ ಹೇಳುವುದು ಕಷ್ಟ.

ಎಪ್ಪತ್ತರ ದಶಕ. ಹಿರಿಯೂರಿನಲ್ಲಿ ಅಣ್ಣ ಅತ್ತಿಗೆಯರ ಮನೆಯಲ್ಲೇ ನಾನೂ ಇದ್ದೆ. ಸೂರಿನ ಸಂದಿಯಲ್ಲಿ ಗೂಡು ಕಟ್ಟಿದ್ದ ಗೊರವಂಕಗಳನ್ನು ಬೆಕ್ಕು ಮುಗಿಸಿತು. ಉಳಿದದ್ದು ಒಂದು ಮರಿ. ಮೈಗಿಂತ ಬಾಯಿಯೇ ದೊಡ್ಡದು. ರಟ್ಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿ, ಕರುಣಾಕರ ಎಂದು ಹೆಸರಿಟ್ಟೆ. ಕರುಣೆ ಯಾರದೆಂದು ನೋಡಿದವರಿಗೆ ತಿಳಿಯಬೇಕಲ್ಲ.

ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಹಕ್ಕಿಯೂ ನಮ್ಮ ಆಚಾರಕ್ಕೆ ಸೇರಬೇಕೆಂದು ತೀರ್ಮಾನಿಸಿದೆ. ಹಾಲಿನಲ್ಲಿ ನೆನೆಸಿದ ಅವಲಕ್ಕಿ, ಕಿವುಚಿದ ಬಾಳೆಹಣ್ಣು. ಸಂಸ್ಕಾರ ಕೊಟ್ಟರೆ ಪಕ್ಷಿಯೂ ಹುಳು ಬಿಡುತ್ತದೆ ಎಂದು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನ ಮಾತು, ತಲೆಯಾಡಿಸುತ್ತಿದ್ದರು. ಮರಿಗೆ ಗರಿ ಬಂತು, ರೆಕ್ಕೆ ಬಡಿಯಿತು. ನನ್ನ ಧರ್ಮ ಫಲಿಸಿತು ಎಂದು ಬೀಗಿದೆ.

ಒಂದು ಬೆಳಿಗ್ಗೆ ರೇಷ್ಮೆ ಮಡಿಯುಟ್ಟು ಪೂಜೆಗೆ ಹೊರಟವನು ಡಬ್ಬಿ ಇಣುಕಿದರೆ, ಒಳಗೆ ಮಿಡತೆಯ ಕಾಲು. ಜವನಗೊಂಡನಹಳ್ಳಿಯಿಂದ ಬಂದಿದ್ದ ಅತ್ತಿಗೆಯ ಅಣ್ಣ ಪಡಸಾಲೆಯಲ್ಲೇ ಕೂತಿದ್ದರು.

"ಅತ್ತಿಗೆ, ಇದೇನ್ರಿ?"

"ಮಿಡತೆ ಕಣಪ್ಪ. ಮೊದ್ಲಿಂದ್ಲೂ ನಾನೇ ಹಿತ್ಲಾಗೆ ಹಿಡ್ದು ತಿನ್ನಿಸ್ತಿದೀನಿ. ಅದ್ರವ್ವ ಬದುಕಿದ್ರೆ ಹಾಲು ಅವಲಕ್ಕಿ ತರ್ತಿತ್ತೇನು?"

ಅವರಣ್ಣ ನಕ್ಕುಬಿಟ್ಟರು. ಆ ನಗು ನನ್ನನ್ನು ಚುಚ್ಚಿತು.

"ಜೀವ ತೆಗ್ದ ಕೈಯಾಗೆ ಇನ್ಮೇಲೆ ಪೂಜೆ ನೀರು ತರಬ್ಯಾಡ್ರಿ," ಎಂದೆ. "ನಿಮ್ಮ ತವರಾಗೆ ಇದೆಲ್ಲ ನಡೀತೈತೇನೋ."

ಅವರಣ್ಣ ಎದ್ದು ಚಪ್ಪಲಿ ಮೆಟ್ಟಿದರು.

"ರೊಟ್ಟಿ ತಿಂದು ಹೋಗಣ್ಣ," ಎಂದರು ಅತ್ತಿಗೆ.

"ಬಸ್ಸಿಗೆ ಹೊತ್ತಾತವ್ವ."

ಅತ್ತಿಗೆ ಅಂದಿನಿಂದ ಎರಡನ್ನೂ ಬಿಟ್ಟರು, ಮಿಡತೆಯನ್ನೂ ಪೂಜೆಯ ನೀರನ್ನೂ. ವಾರ ತುಂಬುವುದರೊಳಗೆ ಕರುಣಾಕರ ಅವಲಕ್ಕಿಯ ಮುಂದೆಯೇ ಕತ್ತು ಚೆಲ್ಲಿದ. ವಿಭೂತಿ ಹಚ್ಚಿ ದಾಸವಾಳದ ಬುಡದಲ್ಲಿ ಹೂತು, ಅದರ ಆಯುಸ್ಸು ಅಷ್ಟೇ ಎಂದೆ. ಕೊಂದವನು ದೇವರ ಮೇಲೆ ಹಾಕಿ ಕೈ ತೊಳೆದುಕೊಂಡ.

ಈ ಮಡಿ ಎಂಬುದನ್ನೇ ನೋಡಿ. ಮಿಡತೆಗೆ ಮರುಗಿದ ಮಹಾನುಭಾವ ಅಂದು ಉಟ್ಟಿದ್ದ ರೇಷ್ಮೆ, ಎಷ್ಟು ಹುಳುಗಳನ್ನು ಗೂಡಿನಲ್ಲೇ ಬೇಯಿಸಿ ತೆಗೆದ ನೂಲೋ. ಅದನ್ನುಟ್ಟೇ ದಯೆಯ ಮೇಲೆ ಭಾಷಣ. ಇನ್ನು ಪೂಜೆಗೆ ಆಗದ ಆ ಕೈ ನನಗೆ ರೊಟ್ಟಿ ತಟ್ಟಲು ಆಗುತ್ತಿತ್ತು. ಬಿಸಿ ಆರಿದ್ದರೆ ನಾನು ಮುಖ ಸಿಂಡರಿಸುವುದೂ ನಡೆದೇ ಇತ್ತು.

ಅವರಣ್ಣ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅತ್ತಿಗೆ ಸಾಯುವವರೆಗೂ ಪೂಜೆಯ ತಂಬಿಗೆ ಮುಟ್ಟಲಿಲ್ಲ. ತಪ್ಪಾಯಿತು ಎನ್ನಲು ಪಡಸಾಲೆಯಿಂದ ಅಡುಗೆಮನೆಗೆ ಹೋದರೆ ಸಾಕಿತ್ತು. ಹೋಗುತ್ತಿದ್ದೆ, ದಿನವೂ, ಊಟಕ್ಕೆ.

ಈಗಲೂ ಗೊರವಂಕಗಳು ಅಂಗಳದಲ್ಲಿ ಮಿಡತೆ ಕಚ್ಚಿಕೊಂಡು ಸೂರಿಗೆ ಹಾರುತ್ತವೆ, ಇದು ಯಾರ ಮನೆ, ಏನು ಆಚಾರ ಎಂದು ವಿಚಾರಿಸುವುದಿಲ್ಲ. ನಾನು ಹಕ್ಕಿಗಿಟ್ಟ ಹೆಸರನ್ನು ಬೀದಿಗೆಲ್ಲ ಸಾರಿದ್ದೆ. ಅದನ್ನು ಬದುಕಿಸುತ್ತಿದ್ದವರನ್ನು ಮಾತ್ರ ಇಲ್ಲಿಯವರೆಗೂ ಬರೀ ಅತ್ತಿಗೆ ಎಂದೇ ಬರೆದೆ.

ಅವರ ಹೆಸರು ಗಂಗಮ್ಮ.